ಅಬುಯಾ ಮಣ್ಣಿಗೆ ಬಡಿಸಿದ ಅನ್ನ

ಅಬುಯಾ ಹುಟ್ಟಿದ್ದು ಕಳೆ ಕೀಳುವ ತಿಂಗಳಲ್ಲಿ. ಅವಳ ತಾಯಿ ಹೊಲದಲ್ಲೇ ನೋವು ತಿಂದು, ಸಾಲುಗಳ ನಡುವೆ ಹೆತ್ತು, ಕೂಸನ್ನು ಲೆಸೊ ಬಟ್ಟೆಯಲ್ಲಿ ಸುತ್ತಿಕೊಂಡು ತಾನೇ ಮನೆಗೆ ನಡೆದು ಬಂದಳಂತೆ. ಕಳೆಯ ನಡುವೆ ಹುಟ್ಟಿದ ಹೆಣ್ಣಿಗೆ ನಮ್ಮ ಲುವೊ ಜನ ಇಡುವ ಹೆಸರೇ ಅಬುಯಾ. ಯಾವ ಗಳಿಗೆಯಲ್ಲಿ ಇಟ್ಟರೋ, ಐವತ್ತು ವರ್ಷ ಅವಳು ಕಳೆಯ ಜೊತೆಗೇ ಬಡಿದಾಡಿದಳು.

ಅಲೆಗೊ ಸೀಮೆಗೆ ಅವಳು ಬಂದದ್ದು ಒಡೆರಾನ ಎರಡನೇ ಹೆಂಡತಿಯಾಗಿ. ಹಿರಿಯವಳು ರಿಸ್ಪಾ. ರಿಸ್ಪಾಳ ಮನೆ ಬೇಲಿಯ ಹೆಬ್ಬಾಗಿಲಿಗೆ ನೇರ ಎದುರು, ಅಬುಯಾಳದ್ದು ಅದರ ಬಲಕ್ಕೆ, ನಡುವೆ ಒಂದು ಮಾವಿನ ಮರ. ಇಪ್ಪತ್ತಾರು ವರ್ಷ ಇಬ್ಬರೂ ಆ ಮರದ ಎರಡು ಮಗ್ಗುಲಲ್ಲಿ ಬದುಕಿದರು. ಜಗಳ ಆಡಿದ ದಿನವೂ ಒಬ್ಬರ ಒಲೆ ಆರಿದರೆ ಇನ್ನೊಬ್ಬರ ಒಲೆಯಿಂದಲೇ ಕೆಂಡ. ಒಡೆರಾ ತೀರಿಕೊಂಡು ನಾಲ್ಕು ವರ್ಷವಾದ ಮೇಲೂ ಅದು ಹಾಗೇ ಇತ್ತು.

ಅಬುಯಾಳ ಪಾಲಿಗೆ ಬಂದದ್ದು ಹೊಳೆಯ ಕಡೆಗೆ ಇಳಿಜಾರಾದ ಒಂದು ಹೊಲ. ಇಪ್ಪತ್ತಾರು ಸಾಲು ಮೆಕ್ಕೆಜೋಳ ಹಿಡಿಯುವಷ್ಟು. ಆ ಹೊಲಕ್ಕೆ ಕಯೊಂಗೊ ಬಿದ್ದಿತ್ತು. ನೋಡಲು ಚಂದದ ಗಿಡ. ಮೊಣಕಾಲುದ್ದ, ತುದಿಯ ತುಂಬ ನೇರಳೆ ಹೂ. ಅದು ಹೂ ಬಿಟ್ಟ ಕಡೆ ಜೋಳ ಮೊಳದುದ್ದಕ್ಕೇ ನಿಂತು, ಎಲೆ ಸುರುಳಿ ಸುತ್ತಿ, ತೆನೆ ಕಟ್ಟದೆ ಒಣಗುತ್ತದೆ. ಕಿತ್ತಷ್ಟೂ ಬರುತ್ತದೆ. ಎರಡು ವರ್ಷ ಅಬುಯಾ ಕಿತ್ತಳು. ಎರಡು ವರ್ಷವೂ ಮನೆಗೆ ಹೊತ್ತು ತಂದದ್ದು ಒಂದೊಂದು ಬುಟ್ಟಿ ಜೋಳ.

ಒಡೆರಾ ಹೋದ ಮೇಲೆ ಜಮೀನಿನ ಮಾತು ಮೈದುನ ಒಗ್ವೆನೊನದು. ಅವನು ಕೆಟ್ಟವನೇನಲ್ಲ. ಒಂದು ಬೆಳಿಗ್ಗೆ ಕೈಗಾಡಿಯ ತುಂಬ ನೀಲಗಿರಿ ಸಸಿ ತಂದು ಮಾವಿನ ಮರದ ಕೆಳಗೆ ಸಾಲಾಗಿ ಇಳಿಸಿದ.

"ಅತ್ತಿಗೆ, ಎರಡು ವರ್ಷ ನೋಡಿದೆ. ಈ ಮಳೆಗಾಲ ಒಂದು ನಿನ್ನದು. ಈ ಸಲವೂ ನೇರಳೆ ಹೂವೇ ಬಂದ್ರೆ, ಜೂನ್ ತಿಂಗಳಲ್ಲಿ ಹೊಲದ ತುಂಬ ಮರ ಹಾಕ್ತೀನಿ. ಮರಕ್ಕೆ ಕಯೊಂಗೊ ಹತ್ತಲ್ಲ."

"ನೀಲಗಿರಿ ಹಾಕಿದ ನೆಲದಲ್ಲಿ ಆಮೇಲೆ ಜೋಳ ಬೆಳೆದದ್ದು ಎಲ್ಲಾದ್ರೂ ನೋಡಿದ್ದೀಯಾ?"

"ಈಗ ಮಾತ್ರ ಬೆಳೀತಾ ಇದೆಯಾ?"

ಅಬುಯಾ ಒಳಗೆ ಹೋಗಿ ಕೊಡ ಎತ್ತಿಕೊಂಡು ಬಂದಳು. ಸಸಿಗಳಿಗೆ ಅವತ್ತು ನೀರು ಹಾಕಿದವಳೂ ಅವಳೇ. ಬಾಡುವುದನ್ನು ನೋಡಿಕೊಂಡು ಸುಮ್ಮನಿರುವ ಜಾತಿಯಲ್ಲ ಅವಳದು.

ಅದೇ ವಾರ ಚರ್ಚಿನ ಅಂಗಳಕ್ಕೆ ಅವಿನೊ ಬಂದಳು. ಪಕ್ಕದ ಊರಿನವಳು, ಮೋಟಾರ್ ಬೈಕಿನಲ್ಲಿ ಊರೂರು ಸುತ್ತಿ ಬೇಸಾಯದ ಮಾತು ಹೇಳುವುದೇ ಅವಳ ಕೆಲಸ. ಇಪ್ಪತ್ತು ಹೆಂಗಸರು ಕೂತಿದ್ದರು. ಅಬುಯಾ ಮುಂದೆ ಕೂತಿದ್ದಳು. ಅವಿನೊ ಹೋದ ವರ್ಷದ ಒಂದು ಒಣ ಜೋಳದ ದಂಟನ್ನು ಬೇರುಸಹಿತ ಎತ್ತಿ ಹಿಡಿದಳು.

"ನೋಡಿ ಚಿಕ್ಕಮ್ಮ. ಇದು ಜೋಳದ ಬೇರು. ಇದಕ್ಕೆ ಬಾಯಿ ಹಾಕಿಕೊಂಡಿದೆಯಲ್ಲ, ಇದು ಕಯೊಂಗೊ. ಮೇಲೆ ಹೂ ಬಿಡೋ ಹೊತ್ತಿಗೆ ಒಳಗೆ ಕಳ್ಳತನ ಎಲ್ಲಾ ಮುಗಿದಿರುತ್ತೆ. ನೀವು ಕೀಳೋದು ಕಳ್ಳ ಊಟ ಮಾಡಿ ಎದ್ದ ಮೇಲೆ."

"ಅದರ ಬೀಜ ಎಲ್ಲಿಂದ ಬರುತ್ತೆ?" ಅಬುಯಾ ಕೇಳಿದಳು.

"ಅಲ್ಲೇ ಇರುತ್ತೆ. ಧೂಳಿಗಿಂತ ಸಣ್ಣದು. ಹದಿನೈದು ಇಪ್ಪತ್ತು ವರ್ಷ ಮಣ್ಣಲ್ಲಿ ಮಲಗಿರುತ್ತೆ. ಜೋಳದ ಬೇರು ಒಳಗೆ ಇಳಿದಾಗ ಬೆವರಿನ ಹಾಗೆ ಏನೋ ಬಿಡುತ್ತೆ. ಆ ವಾಸನೆ ಬಡಿದ ಕೂಡಲೇ ಎದ್ದು ಕೂರುತ್ತೆ."

ಆಮೇಲೆ ಅವಿನೊ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದಳು. ಒಳಗೆ ಹಲ್ಲುಕಡ್ಡಿಗಳು. ಹೆಂಗಸರು ನಕ್ಕರು. ಅವಳೂ ನಕ್ಕಳು. ಆ ಕಡ್ಡಿಗಳ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಬೂಷ್ಟು ಇದೆ, ಅದು ನಮ್ಮ ಮಣ್ಣಿನದ್ದೇ, ಕಾಯಿಲೆ ಬಂದು ಸತ್ತ ಕಯೊಂಗೊ ಗಿಡದಿಂದಲೇ ತೆಗೆದದ್ದು ಅಂದಳು. ಬಿಳಿ ಅನ್ನ ಬೇಯಿಸಿ, ಆರಿಸಿ, ಕುದಿನೀರಲ್ಲಿ ತೊಳೆದ ಡಬ್ಬಿಗೆ ಹಾಕಿ, ಕಡ್ಡಿ ಚುಚ್ಚಿ ಮುಚ್ಚಿಟ್ಟರೆ ಬೂಷ್ಟು ಅನ್ನ ತಿಂದು ಹಬ್ಬುತ್ತದೆ. ಬಿತ್ತುವಾಗ ಒಂದೊಂದು ಗುಣಿಗೆ ಜೋಳದ ಜೊತೆ ಒಂದೊಂದು ಚಿಟಿಕೆ. ಬೂಷ್ಟು ಬೇರಿನ ಸುತ್ತಲೇ ವಾಸ ಮಾಡುತ್ತದೆ, ಬೇರು ಬಿಟ್ಟದ್ದನ್ನೇ ಉಂಡು ಬದುಕುತ್ತದೆ, ಜೋಳಕ್ಕೆ ಏನೂ ಮಾಡುವುದಿಲ್ಲ. ಕಯೊಂಗೊ ಬೇರಿಗೆ ಬಾಯಿ ಹಾಕಲು ಬಂತೋ, ಅದರ ಮೇಲೆ ಬೀಳುತ್ತದೆ.

ಅಬುಯಾ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. "ಅಂದ್ರೆ ಬಾಗಿಲಲ್ಲಿ ನಾಯಿ ಸಾಕಿದ ಹಾಗೆ."

"ಅದೇ ಚಿಕ್ಕಮ್ಮ. ನಾನು ಒಂದು ಗಂಟೆ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ."

ಅಬುಯಾಳಿಗೆ ಎರಡು ಕಡ್ಡಿ ಸಿಕ್ಕಿದವು. ಮನೆಗೆ ಬರುವಾಗ ಅಬುಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯಲ್ಲಿ ಸಿಕ್ಕವರಿಗೆಲ್ಲ ನಾಯಿಯ ಕಥೆ ಹೇಳಿದಳು. ಹೆಬ್ಬಾಗಿಲು ದಾಟಿ, ರಿಸ್ಪಾ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದದ್ದನ್ನು ಕಂಡೂ, ಕೈ ಬೀಸಿ, ನೇರ ತನ್ನ ಮನೆಗೆ ಹೋದಳು.

ಅನ್ನ ನಮ್ಮಲ್ಲಿ ಕ್ರಿಸ್‌ಮಸ್ಸಿಗೆ, ನೆಂಟರಿಗೆ. ಉಪ್ಪು ಎಣ್ಣೆ ಹಾಕದೆ ಬೇಯಿಸಿದ ಅನ್ನವನ್ನು ಯಾರಿಗೂ ಬಡಿಸದೆ ಡಬ್ಬಿಗೆ ತುಂಬಿದಾಗ ಅವಳಿಗೇ ಒಂದು ಥರ ಆಯಿತು. ಕಡ್ಡಿ ಚುಚ್ಚಿ, ಮುಚ್ಚಳ ಹಾಕಿ, ಎಲ್ಲಿಡುವುದೆಂದು ಯೋಚಿಸಲೂ ಇಲ್ಲ. ಬಿತ್ತುವ ವಸ್ತು ಅಂದಮೇಲೆ ಅದರ ಜಾಗ ಒಲೆಯ ಮೇಲಿನ ಅಟ್ಟ. ಅಜ್ಜಿ ಅಲ್ಲೇ ಇಟ್ಟಳು, ತಾಯಿ ಅಲ್ಲೇ ಇಟ್ಟಳು. ಹೊಗೆ ತಾಗಿದ ಬೀಜಕ್ಕೆ ಹುಳ ಹತ್ತುವುದಿಲ್ಲ. ಜೋಳದ ತೆನೆಗಳ ಪಕ್ಕ ಡಬ್ಬಿಯನ್ನು ಬೆಚ್ಚಗೆ ಕೂರಿಸಿದಳು.

ನಾಲ್ಕನೇ ದಿನ ಮುಚ್ಚಳ ತೆಗೆದರೆ ಹುಳಿ ನಾತ ಮುಖಕ್ಕೆ ಹೊಡೆಯಿತು. ಅನ್ನ ಹಳದಿಯಾಗಿ, ಲೋಳೆಯಾಗಿ, ಡಬ್ಬಿಯ ಅಂಚಿಗೆ ಅಂಟಿತ್ತು. ಅವಿನೊಳಿಗೆ ಫೋನ್ ಮಾಡಿದಳು.

"ಎಲ್ಲಿ ಇಟ್ಟಿದ್ರಿ ಚಿಕ್ಕಮ್ಮ?"

ಅಬುಯಾ ಒಲೆಯ ಕಡೆ ನೋಡಿದಳು. "ಅಟ್ಟದ ಮೇಲೆ."

"ಒಲೆ ಮೇಲಾ?"

"ಬೀಜ ಇನ್ನೆಲ್ಲಿ ಇಡ್ತಾರೆ?"

"ಜೋಳ ನಿದ್ದೆ ಮಾಡ್ತಿರುತ್ತೆ, ಹೊಗೆ ತಡೆಯುತ್ತೆ. ಇದು ಎಚ್ಚರ ಇದೆ, ಊಟ ಮಾಡ್ತಾ ಇದೆ. ಬೆಂದು ಹೋಯ್ತು. ಇನ್ನೊಂದು ಕಡ್ಡಿ ಇದೆಯಲ್ಲ? ಅದನ್ನ ನೀರಿನ ಮಡಕೆ ಪಕ್ಕ ಇಡಿ. ನಾನು ಬುಸಿಯಾ ಕಡೆ ಇದ್ದೀನಿ, ಬರೋದು ಇನ್ನು ಮೂರು ವಾರ."

ಮೂರು ವಾರದ ಹೊತ್ತಿಗೆ ಊರೆಲ್ಲ ಬಿತ್ತಿ ಮುಗಿದಿರುತ್ತದೆ. ಉಳಿದದ್ದು ಒಂದು ಕಡ್ಡಿ, ಒಂದು ಡಬ್ಬಿ.

ಎರಡನೇ ಡಬ್ಬಿಯನ್ನು ಅಬುಯಾ ಹಸುಗೂಸಿನ ಹಾಗೆ ನೋಡಿಕೊಂಡಳು. ಮಡಕೆಯ ತಂಪಿನಲ್ಲಿ ಇಟ್ಟು, ಮೇಲೆ ಒಂದು ಒಗೆದ ಬಟ್ಟೆ. ಹೊರಗಿನಿಂದ ಒಳಗಿರುವುದು ಕಾಣುವ ಡಬ್ಬಿ. ಹೊಲಕ್ಕೆ ಹೋಗುವ ಮುಂಚೆ ಒಂದು ಸಲ, ನೀರಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಇನ್ನೊಂದು ಸಲ ಬಗ್ಗಿ ನೋಡಿದಳು. ಎರಡನೇ ದಿನ ಕಡ್ಡಿಯ ಸುತ್ತ ಒಂದು ಬಿಳಿ ನವಿರು. ಮೂರನೇ ದಿನ ಅದು ಅಗುಳಿನಿಂದ ಅಗುಳಿಗೆ ನೂಲು ಹಾಕಿತ್ತು. ನಾಲ್ಕನೇ ದಿನ ಇಡೀ ಅನ್ನ ಹತ್ತಿಯ ಹಾಗೆ, ಹತ್ತಿಗೆ ಎಲ್ಲೋ ಒಂದಿಷ್ಟು ಗುಲಾಬಿ ಬಣ್ಣ ತಾಗಿದ ಹಾಗೆ. ಅವಳು ಡಬ್ಬಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದು ಒಬ್ಬಳೇ ನಕ್ಕಳು. ಅವತ್ತೇ ಮಧ್ಯಾಹ್ನ ಮಳೆ ಬಂತು. ಮಣ್ಣಿನ ವಾಸನೆ ಎದ್ದಿತು. ಊರಿನ ಗುದ್ದಲಿಗಳೆಲ್ಲ ಹೊರಗೆ ಬಂದವು.

ರಿಸ್ಪಾಳ ಗುದ್ದಲಿ ಮಾತ್ರ ಬರಲಿಲ್ಲ.

ಹಿರಿಯವಳು ಬೀಜ ಹೊರಗೆ ತೆಗೆದು ಮೊದಲ ಗುಣಿ ತೋಡಬೇಕು. ಆಮೇಲೆ ಎರಡನೆಯವಳು, ಆಮೇಲೆ ಸೊಸೆಯರು. ಅದನ್ನು ಮುರಿದ ಮನೆಗೆ ಚಿರಾ ಎಂಬ ಶಾಪ ತಟ್ಟುತ್ತದೆ, ಇರುವವರು ಕೃಶರಾಗಿ ಕರಗಿ ಹೋಗುತ್ತಾರೆ. ಅಬುಯಾ ತನ್ನ ಜೀವಮಾನದಲ್ಲಿ ಒಂದು ಕಾಳನ್ನೂ ರಿಸ್ಪಾಳಿಗಿಂತ ಮುಂಚೆ ಊರಿದವಳಲ್ಲ. ಆದರೆ ಬೂಷ್ಟಿಗೆ ಈ ಕಟ್ಟಳೆ ಯಾರು ಹೇಳಬೇಕು? ಬೆಳೆದ ಅನ್ನ ಒಂದು ವಾರದೊಳಗೆ ಮಣ್ಣು ಸೇರಬೇಕು, ತಡವಾದರೆ ಬೇರೆ ಬೂಷ್ಟು ನುಗ್ಗುತ್ತದೆ ಅಂದಿದ್ದಳು ಅವಿನೊ.

"ಅಕ್ಕ, ಮಳೆ ಬಂತಲ್ಲ," ಅಂದಳು ಅಬುಯಾ ಮಾರನೇ ದಿನ.

"ಬಂತು. ಇನ್ನೊಂದು ಬರಲಿ."

ಇನ್ನೊಂದೂ ಬಂತು. ರಿಸ್ಪಾ ಶೇಂಗಾ ಸುಲಿಯುತ್ತಲೇ ಇದ್ದಳು. ಅಬುಯಾ ಅವಳ ಅಂಗಳ ಗುಡಿಸಿದಳು, ಸೌದೆ ತಂದು ಒಟ್ಟಿದಳು, ಒಮೆನಾ ಮೀನು ಹುರಿದು ಮುದ್ದೆಯ ಜೊತೆ ಕೊಟ್ಟಳು. ರಿಸ್ಪಾ ಉಂಡು, ಕೈ ತೊಳೆದು, "ಉಪ್ಪು ಹಾಕಿದ್ದೀಯ ಇದಕ್ಕೆ. ಅನ್ನಕ್ಕೆ ಹಾಕಲ್ಲವಂತೆ ಈಗೀಗ" ಅಂದಳು.

ಹೆಬ್ಬಾಗಿಲ ಆಚೆ ಊರವರ ಸಾಲುಗಳು ಮುಗಿಯುತ್ತಿದ್ದವು. ಮೊದಲ ಮಳೆ ಬಂದ ಐದನೇ ದಿನ ಡಬ್ಬಿಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಕಂಡಿತು, ಸಾಸಿವೆ ಕಾಳಿನಷ್ಟು. ಅಬುಯಾ ಲೆಸೊ ಬಿಗಿದು ನೇರ ಹೋಗಿ ರಿಸ್ಪಾಳ ಮುಂದೆ ಕೂತಳು.

"ಅಕ್ಕ, ಬೈದುಬಿಡು. ನಾನೇನು ತಪ್ಪು ಮಾಡಿದೆ ಹೇಳು. ನನ್ನ ಅನ್ನ ಸಾಯ್ತಾ ಇದೆ."

ರಿಸ್ಪಾ ಶೇಂಗಾ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಆ ಅನ್ನ ಏನು? ಊಟವಾ, ಬೀಜವಾ?"

"ಬೀಜವೇ ಅನ್ನು. ಮಣ್ಣಿಗೆ ಹಾಕೋದು, ಅಲ್ಲೇ ಬೆಳೆಯೋದು."

"ಈ ಮನೆಗೆ ಹೊಸ ಬೀಜ ಬಂದರೆ ಮೊದಲು ಯಾರ ಬಾಗಿಲಿಗೆ ಬರಬೇಕು?"

ಹೆಬ್ಬಾಗಿಲಿಂದ ಕೈ ಬೀಸಿಕೊಂಡು ಹೋದ ಆ ಮಧ್ಯಾಹ್ನ ಅಬುಯಾಳ ಕಣ್ಣಿಗೆ ಕಟ್ಟಿತು.

"ಊರಿಗೆಲ್ಲ ನಾಯಿ ಕಥೆ ಹೇಳಿದ್ದೀಯ," ಅಂದಳು ರಿಸ್ಪಾ. "ನನಗೆ ಹೇಳಿದ್ದು ಹಾಲು ಮಾರೋಳು. ಹದಿನಾಲ್ಕು ದಿನ ಕಾದೆ ಕಣೆ, ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ."

"ಖುಷಿಯಲ್ಲಿ ಮರೆತೆ ಅಕ್ಕ."

"ಖುಷಿ ಬಂದಾಗಲೇ ನನ್ನ ಮರೆಯೋದು ನೀನು. ಕಷ್ಟ ಬಂದರೆ ಓಡಿ ಬರ್ತೀಯ. ಹೋಗು, ತಗೊಂಬಾ."

ಅಬುಯಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ರಿಸ್ಪಾಳ ಹೊಸ್ತಿಲ ಮೇಲೆ ಇಟ್ಟಳು. ರಿಸ್ಪಾ ಮುಚ್ಚಳ ತೆಗೆದು, ಮೂಸಿ, ಹಸಿರು ಚುಕ್ಕೆಯನ್ನು ಉಗುರಲ್ಲಿ ಕೆದಕಿ ಎಸೆದಳು. ಒಳಗೆ ಹೋಗಿ ಗುದ್ದಲಿ ತಂದಳು. "ನಡಿ. ಬೀಜ ಹೊರಗೆ ಬಂತು."

ಮೊದಲು ರಿಸ್ಪಾಳ ಹೊಲ. ಅವಳ ಹೊಲದಲ್ಲೂ ಕಯೊಂಗೊ ಇತ್ತು, ಹೇಳಿಕೊಂಡಿರಲಿಲ್ಲ ಅಷ್ಟೇ. ಮೊದಲ ಗುಣಿ ರಿಸ್ಪಾ ತೋಡಿದಳು. ಆಮೇಲೆ ಅಬುಯಾ ಗುಣಿ ತೋಡುತ್ತ ಹೋದಳು, ರಿಸ್ಪಾ ಎರಡು ಕಾಳು ಜೋಳ ಹಾಕಿ, ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಅನ್ನ ಹಾಕಿದಳು. ಮುಂದಿನ ಗುಣಿಗೆ ಇನ್ನೊಂದು ಹಿಡಿ.

"ಅಕ್ಕ, ಚಿಟಿಕೆ ಸಾಕಂತೆ. ಮೂರು ಬೆರಳಲ್ಲಿ."

"ಹೊಟ್ಟೆ ತುಂಬಾ ಹಾಕದೆ ಇದ್ದರೆ ನಾಯಿ ಬಾಗಿಲು ಕಾಯುತ್ತೇನೇ?"

"ಅಕ್ಕ, ನನ್ನ ಹೊಲ..."

"ನೀನು ನೆಂಟರಿಗೆ ಬಡಿಸೋದೂ ಹೀಗೇ ಅಲ್ವಾ, ಎಣಿಸಿ ಎಣಿಸಿ."

ಹಿರಿಯವಳ ಕೈ ಹಿಡಿಯುವುದಕ್ಕಾಗುವುದಿಲ್ಲ. ಒಂದೊಂದು ಹಿಡಿ ಮಣ್ಣಿಗೆ ಬಿದ್ದಾಗಲೂ ಅಬುಯಾ ತನ್ನ ಹೊಲದ ಇಪ್ಪತ್ತು ಗುಣಿ ಬರಿದಾಗುವುದನ್ನು ಮನಸ್ಸಲ್ಲೇ ನೋಡಿದಳು. ರಿಸ್ಪಾಳ ಹೊಲ ಸಣ್ಣದು, ಅದೊಂದೇ ಪುಣ್ಯ. ಮುಗಿದಾಗ ಡಬ್ಬಿಯಲ್ಲಿ ಅರ್ಧಕ್ಕೂ ಕಡಿಮೆ ಉಳಿದಿತ್ತು.

ಅಬುಯಾ ತನ್ನ ಹೊಲಕ್ಕೆ ಓಡಿದಳು ಅಂದರೂ ತಪ್ಪಿಲ್ಲ. ಎರಡೇ ಬೆರಳಲ್ಲಿ ಹಿಡಿದು, ಅಗುಳು ಬಿಡಿಸಿ ಬಿಡಿಸಿ ಹಾಕಿದಳು. ಡಬ್ಬಿಯ ತಳಕ್ಕೆ ಅಂಟಿದ್ದನ್ನು ಕಡ್ಡಿಯಿಂದ ಕೆರೆದು ಹಾಕಿದಳು. ಗೆದ್ದಲ ಹುತ್ತದ ಪಕ್ಕದ ಸಾಲು ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿ. ಅದು ಹದಿನಾಲ್ಕನೇ ಸಾಲು. ಉಳಿದ ಹನ್ನೆರಡು ಸಾಲಿಗೆ ಬರೀ ಜೋಳ, ಅದೇ ಸಗಣಿ ಗೊಬ್ಬರ. ಬಗ್ಗಿ ಬಗ್ಗಿ ನಡು ನೋಯುತ್ತಿದ್ದರೂ ಅವಳು ಹುತ್ತದ ಹತ್ತಿರ ನಿಂತು ಎರಡೂ ಕಡೆ ನೋಡಿದಳು. ಮಣ್ಣು ಎರಡೂ ಕಡೆ ಒಂದೇ ಥರ ಇತ್ತು.

ಮುಂದಿನ ಮೂರು ತಿಂಗಳು ಅವಳಿಗೆ ಆ ಹೊಲ ಬಿಟ್ಟರೆ ಬೇರೆ ಊರೇ ಇರಲಿಲ್ಲ. ಜೋಳ ಎದ್ದಿತು. ಮೊಣಕಾಲಿಗೆ ಬಂತು. ಆರನೇ ವಾರದವರೆಗೂ ಇಪ್ಪತ್ತಾರು ಸಾಲೂ ಅಕ್ಕತಂಗಿಯರ ಹಾಗಿದ್ದವು. ಏಳನೇ ವಾರ ಹುತ್ತದ ಆಚೆ ನೆಲದಿಂದ ಸಣ್ಣ ಹಸಿರು ಮೊಳಕೆಗಳು ತಲೆ ಎತ್ತಿದವು. ಅಬುಯಾ ಉಸಿರು ಬಿಗಿಹಿಡಿದು ಈಚೆಯ ಸಾಲುಗಳಲ್ಲಿ ಬಗ್ಗಿ ಬಗ್ಗಿ ಹುಡುಕಿದಳು. ಒಂದು ಸಾಲಿಗೆ ಒಂದೋ ಎರಡೋ. ಕಿತ್ತಳು. ಮರುದಿನ ಮತ್ತೆ ಹುಡುಕಿದಳು. ಇಲ್ಲ.

ಆಚೆ ಕಡೆಯದನ್ನೂ ಕೀಳಲೆಂದು ಹೋದವಳು ಕೈ ತಡೆದಳು. ಒಂದು ಮಾತು ಹೊಳೆಯಿತು: ಕಿತ್ತರೆ ಒಗ್ವೆನೊಗೆ ಏನು ತೋರಿಸಲಿ? ಕಯೊಂಗೊವನ್ನು ಕಣ್ಣಾರೆ ಕಂಡು ಬಿಟ್ಟದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಕೈ ತುರಿಸಿತು. ಬಿಟ್ಟಳು.

ಜೂನ್ ಬಂತು. ಒಗ್ವೆನೊ ಅಳೆಯುವ ಹಗ್ಗ, ಗೂಟ, ಗುದ್ದಲಿ ಎಲ್ಲ ತಂದ. ಸಸಿಗಳು ಅಬುಯಾ ಹಾಕಿದ ನೀರು ಕುಡಿದು ಸೊಂಟದೆತ್ತರ ಬೆಳೆದಿದ್ದವು. ಅಬುಯಾ ಮುಂದೆ, ಒಗ್ವೆನೊ ಹಿಂದೆ, ಅವನ ಹಿಂದೆ ಕೋಲೂರಿಕೊಂಡು ರಿಸ್ಪಾ, ಮೂವರೂ ಹೊಲಕ್ಕೆ ಇಳಿದರು.

ಹೊಲವನ್ನು ಯಾರೋ ಹುತ್ತದ ಹತ್ತಿರ ಗೀರು ಹಾಕಿ ಎರಡು ಮಾಡಿದ ಹಾಗಿತ್ತು. ಈಚೆಗೆ ಆಳೆತ್ತರ ಕಡುಹಸಿರು, ಗಿಡಕ್ಕೊಂದು ತೆನೆ, ಕೆಲವಕ್ಕೆ ಎರಡು. ಆಚೆಗೆ ಸೊಂಟಕ್ಕೂ ಬಾರದ ಸುಕ್ಕು ಜೋಳ, ಅದರ ಕಾಲ ಬುಡದಲ್ಲಿ ನೇರಳೆಯೋ ನೇರಳೆ.

ಒಗ್ವೆನೊ ಹಗ್ಗ ಹೆಗಲ ಮೇಲೇ ಇಟ್ಟುಕೊಂಡು ನಿಂತ.

"ಆಚೆ ಬೇರೆ ಬೀಜವಾ ಅತ್ತಿಗೆ?"

"ಅದೇ ಬೀಜ. ಅದೇ ದಿನ. ಅದೇ ಸಗಣಿ. ಅನ್ನ ಮಾತ್ರ ಇಲ್ಲ."

"ಯಾಕೆ ಅರ್ಧಕ್ಕೇ ನಿಲ್ಲಿಸಿದೆ?"

ಅಬುಯಾ ನೆಲ ನೋಡಿದಳು. ಹಿರಿಯವಳ ಮುಂದೆ ಹೇಳುವ ಮಾತಲ್ಲ ಅದು.

"ನಾನು ಖಾಲಿ ಮಾಡಿದೆ," ಅಂದಳು ರಿಸ್ಪಾ. "ನನ್ನ ಕೈ ದೊಡ್ಡದು. ಹಿಡಿ ಹಿಡಿ ಸುರಿದೆ. ನನ್ನ ಜೋಳ ಇವಳ ಜೋಳಕ್ಕಿಂತ ಒಂದು ಬೆರಳೂ ಎತ್ತರ ಬರಲಿಲ್ಲ, ಅದು ಬೇರೆ."

ಒಗ್ವೆನೊ ಆಚೆಯದೊಂದು ಗಿಡ, ಈಚೆಯದೊಂದು ಗಿಡ ಗುದ್ದಲಿಯಲ್ಲಿ ಎಬ್ಬಿಸಿ ಮಣ್ಣು ಕೊಡವಿದ. ಆಚೆಯದರ ಬೇರಿಗೆ ಬಿಳಿ ಕಾಲುಗಳು ಕಚ್ಚಿಕೊಂಡಿದ್ದವು, ಎಳೆದರೂ ಬಿಡಲಿಲ್ಲ. ಈಚೆಯದರ ಬೇರು ದಟ್ಟ; ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ ನೂಲಿನಂಥವು, ಬೆರಳು ತಾಗಿದರೆ ಉದುರಿದವು. ಕಚ್ಚಲು ಬಂದ ಕಯೊಂಗೊ ಅಲ್ಲೇ ಸತ್ತಿತ್ತು. ಅವನು ಅದನ್ನು ತುಂಬ ಹೊತ್ತು ಹಿಡಿದುಕೊಂಡೇ ಇದ್ದ.

"ಸರಿ. ಹದಿನಾಲ್ಕು ಸಾಲು ನಿನ್ನದೇ ಇರಲಿ. ಆಚೆ ಹನ್ನೆರಡಕ್ಕೆ ಮರ ಹಾಕ್ತೀನಿ. ನ್ಯಾಯ ತಾನೆ?"

ಕೇಳಲು ನ್ಯಾಯದ ಹಾಗೇ ಇತ್ತು. ಆದರೆ ಮರ ಹನ್ನೆರಡು ಸಾಲಿನಲ್ಲಿ ನಿಲ್ಲುವುದಿಲ್ಲ. ಅದರ ಬೇರು ಹುತ್ತ ದಾಟಿ ಬರುತ್ತದೆ, ನೆರಳು ಅದಕ್ಕೂ ಮುಂಚೆ ಬರುತ್ತದೆ.

ಅಬುಯಾ ಲೆಸೊ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದಳು. ಮುಂದಿನ ಮಳೆಗೆಂದು ಅವಿನೊ ಕೊಟ್ಟದ್ದು, ನಾಲ್ಕು ಕಡ್ಡಿ. ಒಗ್ವೆನೊ ಕೈ ಚಾಚಿದ. ಅಬುಯಾ ಅವನಿಗೆ ಕೊಡದೆ, ಪಕ್ಕಕ್ಕೆ ತಿರುಗಿ ರಿಸ್ಪಾಳ ಅಂಗೈಯಲ್ಲಿ ಇಟ್ಟಳು.

ರಿಸ್ಪಾ ಪೊಟ್ಟಣವನ್ನು ಮೂಸಿದಳು, ವಾಸನೆ ಏನೂ ಇಲ್ಲದಿದ್ದರೂ.

"ಒಗ್ವೆನೊ, ಈ ಹೊಲದಲ್ಲಿ ಈಗ ನಮ್ಮ ನಾಯಿ ಇದೆ. ಆಗಸ್ಟ್ ಮಳೆಗೆ ಆಚೆ ಹನ್ನೆರಡಕ್ಕೂ ಅನ್ನ ಬೀಳುತ್ತೆ. ನಿನ್ನ ಮರಗಳಿಗೆ ಬೇರೆ ಜಾಗ ನೋಡು. ಹೊಳೆ ಪಕ್ಕದ ಕಲ್ಲುನೆಲ ನಿಂದೇ ಅಲ್ವಾ? ಅಲ್ಲಿ ಜೋಳ ಹಾಕಿ ಯಾರೂ ಉದ್ಧಾರ ಆಗಿಲ್ಲ."

"ನನ್ನ ಮೇಲಿನ ಹೊಲದಲ್ಲೂ ಇದು ಶುರುವಾಗಿದೆ," ಅಂದ ಒಗ್ವೆನೊ, ಕೈಯಲ್ಲಿದ್ದ ಗಿಡವನ್ನೇ ನೋಡುತ್ತ.

"ನಿನ್ನ ಹೆಂಡತೀನ ಕಳಿಸು. ಮೊದಲು ನಾನು, ಆಮೇಲೆ ಇವಳು, ಆಮೇಲೆ ಅವಳು. ಸರದಿ ಸರದಿ."

ಒಗ್ವೆನೊ ಗೂಟಗಳನ್ನು ಒಟ್ಟಿಗೆ ಕಟ್ಟಿ, ಹಗ್ಗ ಸುತ್ತಿಕೊಂಡ. ಅವತ್ತು ಸಂಜೆಯೊಳಗೆ ನೀಲಗಿರಿ ಸಸಿಗಳು ಕೈಗಾಡಿ ಹತ್ತಿ ಹೊಳೆಯ ಕಡೆ ಹೋದವು. ಅವು ನಿಂತಿದ್ದ ಕಡೆ ಮಾವಿನ ಮರದ ಕೆಳಗೆ ಒದ್ದೆ ಗುಂಡು ಗುಂಡು ಗುರುತು ಉಳಿದಿತ್ತು. ಅಬುಯಾ ಕಾಲಲ್ಲಿ ಅದನ್ನು ಸವರಿ ಸಮ ಮಾಡಿದಳು. ಆಮೇಲೆ ಹುತ್ತದ ಆಚೆಗೆ ಹೋಗಿ, ಒಂದು ತಿಂಗಳಿಂದ ತುರಿಸುತ್ತಿದ್ದ ಕೈಗೆ ಸಮಾಧಾನವಾಗುವ ತನಕ ನೇರಳೆ ಹೂಗಳನ್ನು ಕಿತ್ತು ರಾಶಿ ಹಾಕಿ ಸುಟ್ಟಳು.

ಆಗಸ್ಟಿನಲ್ಲಿ ನಾಲ್ಕು ಡಬ್ಬಿಗಳೂ ರಿಸ್ಪಾಳ ಮನೆಯಲ್ಲಿ, ಅವಳ ನೀರಿನ ಮಡಕೆಯ ಸುತ್ತ ಕೂತವು. ಅಡುಗೆ ಇಬ್ಬರದೂ. ಮೂರನೇ ದಿನ ಬೆಳಿಗ್ಗೆ ಅಬುಯಾ ಹಲ್ಲುಜ್ಜುತ್ತಿದ್ದಾಗ ಎದುರು ಜಗಲಿಯಿಂದ ಕೂಗು ಬಂತು.

"ಬಾರೇ ಬೇಗ. ನಾಯಿ ಎದ್ದಿದೆ."

ಬಾಯಿ ಮುಕ್ಕಳಿಸದೆ ಓಡಿದಳು ಅಬುಯಾ. ನಾಲ್ಕೂ ಬೆಳ್ಳಗೆ. ಮಳೆ ಬಿದ್ದ ಮಾರನೇ ದಿನವೇ ರಿಸ್ಪಾ ಯಾರೂ ಕೇಳುವ ಮೊದಲೇ ಗುದ್ದಲಿ ಹೊರಗೆ ತಂದಳು. ಮೊದಲ ಗುಣಿಯ ಮುಂದೆ ಬಗ್ಗಿ, ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದಳು. ಅಬುಯಾ ಮುಂದಿನ ಗುಣಿಗೆ ಗುದ್ದಲಿ ಹಾಕಿದಳು. ರಿಸ್ಪಾ ಮುಷ್ಟಿಯನ್ನು ನೋಡಿದಳು, ಅಬುಯಾಳನ್ನು ನೋಡಿದಳು, ಮುಷ್ಟಿಯನ್ನು ಡಬ್ಬಿಗೇ ಉದುರಿಸಿ, ಮೂರು ಬೆರಳು ಕೂಡಿಸಿ ಒಂದು ಚಿಟಿಕೆ ತೆಗೆದಳು.

"ಇಷ್ಟು ಸಾಕೇನೇ?"

"ಸಾಕು ಅಕ್ಕ. ಮುಂದೆ ಹೋಗು."